ಎರಡು ಸೆಕೆಂಡಿನ ಮಗ್ಗ

೧.
ಎಲ್ಲಿಂದ ಶುರು ಮಾಡಲಿ? ಸಾಫ್ಟ್‌ವೇರ್‌ನಿಂದ ಅಂದರೆ ನೀವು ಪುಟ ತಿರುವುತ್ತೀರಿ. ‘ಒಂದಾನೊಂದು ಊರಿನಲ್ಲಿ’ ಅಂದರೆ ನಾನೇ ತಿರುವುತ್ತೇನೆ. ಹೊಡೆದು ಹಾಕಿದೆ.

೧. (ಮತ್ತೆ)
ಇಳಕಲ್ಲಿನ ಬಸ್‌ಸ್ಟ್ಯಾಂಡಿನ ಎದುರು ನೇತ್ರಾಳ ಝೆರಾಕ್ಸ್ ಅಂಗಡಿ. ಮೆಮರಿ ಕಾರ್ಡಿಗೆ ಹಾಡು ತುಂಬಿಯೂ ಕೊಡುತ್ತಾಳೆ. ಅವಳ ಸಾಫ್ಟ್‌ವೇರ್‌ಗಳೆಲ್ಲ ಪುಕ್ಕಟೆ: ಒಂದು ಎಂಥ ಫೈಲನ್ನೂ ನುಡಿಸುತ್ತದೆ, ಒಂದು ಅದನ್ನು ಎಂಪಿತ್ರೀ ಮಾಡುತ್ತದೆ, ಇನ್ನೊಂದು ದನಿಯನ್ನು ಗೆರೆಗೆರೆಯಾಗಿ ತೋರಿಸಿ ತೊಳೆಯುತ್ತದೆ. ಯಾರು ಕೂತು ಮಾಡಿ ಹೀಗೆ ಊರಿಗೆಲ್ಲ ಬಿಟ್ಟರೋ ಎಂದು ಅವಳಿಗೆ ಸದಾ ಕುತೂಹಲ. (ನನಗೂ. ನನ್ನ ಕಥೆಯನ್ನು ಪುಕ್ಕಟೆ ಕೊಟ್ಟರೂ ಒಯ್ಯುವವರಿಲ್ಲ.)

೨.
ಮುತ್ತವ್ವ ಹಳೆಯ ಮೊಬೈಲಿನ ಕಾರ್ಡು ತಂದಳು. ಹಿಂದೆ ಗಂಡ ಮುತ್ತಪ್ಪ. ಲಕ್ವಾ ಹೊಡೆದು ಬಲಗೈ ಬಿದ್ದಿದೆ. ಮಗ್ಗ ಹೋದ ವರ್ಷವೇ ಮಾರಿಯಾಗಿದೆ.

“ಕಂಡಿಕಿಗೆ ನೂಲು ಸುತ್ತುವಾಗ ನಾ ಹಾಡಿದ್ದು ಅದರಾಗೈತಿ. ಹೊಸಾ ಫೋನಿನ್ಯಾಗ ಬರವಲ್ದು. ಇವರಿಗೆ ಕೇಳಸ್ಬೇಕ ಯವ್ವಾ.”

ನೇತ್ರಾ ಫೈಲು ತೆರೆದಳು. ಹಾಡಿಗೂ ಮೊದಲು ಎರಡು ಸೆಕೆಂಡು ಖಟ್-ಖಟ್. ಅದನ್ನು ಕತ್ತರಿಸಿ ಬೇರೆ ಇಟ್ಟು, ‘ಗದ್ದಲ ಎಂದರೆ ಇದು’ ಎಂದು ಸಾಫ್ಟ್‌ವೇರ್‌ಗೆ ತೋರಿಸಿದಳು. ಅದು ಇಡೀ ಹಾಡಿನಿಂದ ಖಟ್-ಖಟ್ ಹೆಕ್ಕಿ ತೆಗೆಯಿತು. ಎಂಪಿತ್ರೀ ಮಾಡಿ, ರೂಢಿಯಂತೆ ಕಾರ್ಡಿನಲ್ಲಿದ್ದ ಹಳೆಯ ಫೈಲನ್ನು ಅಳಿಸಿ, ಖಾಲಿ ಜಾಗದ ತುಂಬ ಪ್ರೀತಿಯಿಂದ ಭಜನೆ ತುಂಬಿದಳು.

ಹಾಡು ಬಂತು. ತೊಳೆದಿಟ್ಟ ತಂಬಿಗೆಯಂಥ ದನಿ. ಮುತ್ತಪ್ಪ ಕೇಳಿದ: “ನಾ ಎಲ್ಲದೇನಿ ಇದರಾಗ?”

ಮುತ್ತವ್ವ ಸ್ಪೀಕರಿನ ಹಿಂದೆಯೇ ಬಗ್ಗಿ ನೋಡಿದಳು. “ಮಗ್ಗದ ಸಪ್ಪಳ ಎಲ್ಲಿ ಹೋತು ತಂಗಿ? ಹಾಡು ಹೆಂಗೂ ನನ್ನ ಬಾಯಾಗೈತಿ. ನಾ ತಂದಿದ್ದು ಅದನ್ನ.”

೩.
(ಇಲ್ಲಿ ನಾನು, ಹಳೆಯ ಫೈಲು ರಿಸೈಕಲ್ ಬಿನ್ನಿನಲ್ಲಿ ಸಿಕ್ಕಿತು ಎಂದು ಬರೆದಿದ್ದೆ. ನೇತ್ರಾ ತಿರುಗಿ ನನ್ನನ್ನೇ ನೋಡಿದಳು: “ಕಾರ್ಡಿಂದ ಅಳಿಸಿದ್ದು ಅಲ್ಲಿಗೆ ಹೋಗಂಗಿಲ್ರಿ. ಗೊತ್ತಿಲ್ದ ಬರೀಬ್ಯಾಡ್ರಿ.” ತಪ್ಪಾಯಿತು ಎಂದೆ. ಅಳಿಸಿದ್ದನ್ನು ಹುಡುಕುವ ಪುಕ್ಕಟೆ ಸಾಫ್ಟ್‌ವೇರ್ ಹಚ್ಚಿದಳು. ಹಳೆಯ ಫೈಲಿದ್ದ ಜಾಗದಲ್ಲಿ ಅದು ಭಜನೆಯನ್ನೇ ತೋರಿಸಿತು.)

೪. ಅಂತ್ಯ, ಮೊದಲ ನಮೂನೆ
ಉಳಿದದ್ದು ಕತ್ತರಿಸಿಟ್ಟ ಎರಡು ಸೆಕೆಂಡು. ನೇತ್ರಾ ಅದನ್ನೇ ಸಾಲಾಗಿ ಜೋಡಿಸಿ ಹಾಡಿನ ಕೆಳಗೆ ಹಾಸಿದಳು. ಖಟ್-ಖಟ್, ಖಟ್-ಖಟ್. ಮುತ್ತವ್ವನ ಮುಖ ಅರಳಿತು. ಕಥೆ ಮುಗಿಯಿತು.

“ಇಂವ ನಾ ಅಲ್ಲ,” ಎಂದ ಮುತ್ತಪ್ಪ.

“ನಿಮ್ಮ ಮಗ್ಗದ್ದ ಸಪ್ಪಳ ಕಾಕಾರ, ಖರೇನ.”

“ಇಂವಂದು ಒಂದ ಎಳಿನೂ ಹರಿಯಂಗಿಲ್ಲೇನವಾ? ನಾ ನಡುನಡುವ ನಿಂತು ಗಂಟ ಹಾಕಾಂವ. ಅಲ್ಲೀತನಕಾ ಈಕಿನೂ ಹಾಡು ನಿಲ್ಲಸಾಕಿ.”

“ನಿಲ್ಲಸ್ದಿದ್ರ ಬೈತಿದ್ರಲ್ಲ!” ಎಂದಳು ಮುತ್ತವ್ವ.

(ಮುಗಿದಿಲ್ಲ. ಮುಂದಿನದು ನನ್ನ ಯೋಜನೆಯಲ್ಲಿರಲಿಲ್ಲ.)

೫.
ನೇತ್ರಾ ಮೈಕು ಹಚ್ಚಿ ರೆಕಾರ್ಡಿಂಗಿನ ಕೆಂಪು ಬಟನ್ ಒತ್ತಿದಳು. “ಹಾಡ್ರಿ ಯವ್ವಾ. ಕಾಕಾರ, ಎಡಗೈ ಐತಲ್ಲ?”

ಮುತ್ತಪ್ಪ ಎಡಗೈಯಿಂದ ಟೇಬಲ್ಲಿಗೆ ಬಡಿದ. ಖಟ್. ತಡೆದು, ಖಟ್. ಮುತ್ತವ್ವ ಹಾಡಿದಳು, ಅವನಿಗಿಂತ ನಿಧಾನವಾಗಿ. ಹೊರಗೆ ಹುನಗುಂದದ ಬಸ್ಸು ಹಾರ್ನ್ ಹೊಡೆಯಿತು. ನೇತ್ರಾ ಅದನ್ನು ಗದ್ದಲ ಎನ್ನಲಿಲ್ಲ.

ಎರಡನೆಯ ನುಡಿಯ ನಡುವೆ ಕೈ ನಿಂತಿತು.

“ಕೈ ಸೋತಿತೇನ್ರಿ?” ಎಂದಳು ನೇತ್ರಾ.

“ಶ್ಶ್. ಎಳಿ ಹರದೈತಿ,” ಎಂದ ಮುತ್ತಪ್ಪ.

ಮುತ್ತವ್ವ ಅರ್ಧ ಸಾಲನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತಿದ್ದಾಳೆ. ಪರದೆಯ ಮೇಲೆ ಗೆರೆ ನೆಟ್ಟಗೆ ಹೋಗುತ್ತಿದೆ. ರೆಕಾರ್ಡಿಂಗ್ ನಿಲ್ಲಿಸು ಎಂದು ನೀವು ನನಗೆ ಹೇಳಬೇಡಿ. ಅವನಿನ್ನೂ ಗಂಟು ಹಾಕುತ್ತಿದ್ದಾನೆ.