ಬೈರ ಬಿಗಿದಿಟ್ಟ ವೈಸ್

ಸಂಜೆ ಶೆಡ್ಡಿನ ಬಾಗಿಲು ಹಾಕುವ ಮೊದಲು ಅಲ್ಲಿರುವ ವೈಸುಗಳ, ಕಬ್ಬಿಣ ಕಚ್ಚಿ ಹಿಡಿಯುವ ಆ ತಿರುಪಿನ ಇಕ್ಕಳಗಳ, ಬಾಯನ್ನೆಲ್ಲ ಒಂದು ಬೆರಳಿನಷ್ಟು ತೆರೆದಿಡುವುದು ಬದ್ರುನ್ನಿಸಾಳ ಕೆಲಸ. ಮದುವೆಯಾಗಿ ಯಲ್ಲಾಪುರಕ್ಕೆ ಬಂದ ಹೊಸತರಲ್ಲೇ ಗಂಡ ದಾದಾಸಾಬ ಅದನ್ನು ಹೇಳಿಕೊಟ್ಟಿದ್ದ. ಆಗ ಅವನು ಕಟ್ಟಿಗೆ ಕೊರೆಯುವ ಮಿಲ್ಲಿನಲ್ಲಿ ಫಿಟ್ಟರ್. ಕಬ್ಬಿಣ ಹಿಡಿದು ಅರ ಹಾಕುವಾಗ ವೈಸಿನ ದವಡೆ ಎಷ್ಟು ಬೇಕಾದರೂ ಗಟ್ಟಿ ಕಚ್ಚಲಿ, ಕೆಲಸ ಮುಗಿದ ಮೇಲೆ ಅದನ್ನು ಬಿಗಿದು ಬಿಟ್ಟು ಹೋಗಬಾರದು. ಹಿಡಿ ಕೆಳಗೆ ಇಳಿಬಿದ್ದಿರಬೇಕು, ಬಾಯಿ ತುಸು ತೆರೆದಿರಬೇಕು. ಮಿಲ್ಲಿನ ಹಳೆಯ ಮೇಸ್ತ್ರಿಗಳ ಕಟ್ಟಳೆ ಅದು. “ಅದೂ ನಮ್ಮಂಗ ದುಡೀತದ. ಸಂಜೀಕ ದವಡಿ ಸಡಿಲ ಬಿಡಬೇಕು” ಎಂದು ಅವನು ಹೇಳಿದಾಗ ಹೊಸ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಈಗ ಅವಳಿಗೆ ಅದು ಒಲೆ ಆರಿಸಿದಷ್ಟೇ ಸಹಜ. ಕಣ್ಣು ಬೇರೆಲ್ಲೋ ಇದ್ದರೂ ಕೈ ಮಾಡಿ ಮುಗಿಸುತ್ತಿತ್ತು.

ಮಿಲ್ಲು ಮುಚ್ಚಿದ ಮೇಲೆ ದಾದಾಸಾಬನಿಗೆ ಹಳೆಯ ವೈಸುಗಳ ಗೀಳು ಹತ್ತಿತು. ಗುಜರಿ ಅಂಗಡಿ, ಬಾಗಿಲು ಹಾಕಿದ ಗ್ಯಾರೇಜು, ಲಾರಿ ಮಾಲಕರ ಅಟ್ಟ, ಎಲ್ಲಿ ಒಂದು ತುಕ್ಕು ಹಿಡಿದ ವೈಸ್ ಕಂಡರೂ ಹೊತ್ತು ತರುತ್ತಿದ್ದ. ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಹಾಕಿ, ತಂತಿ ಬ್ರಶ್ಶಿನಲ್ಲಿ ಉಜ್ಜಿ, ಕೊನೆಗೆ ಅಡಿಕೆ ಬೇಯಿಸಿದ ನೀರು, ಆ ಕೆಂಪು ಚೊಗರನ್ನು, ಬಟ್ಟೆಯಲ್ಲಿ ಅದ್ದಿ ಬಳಿಯುತ್ತಿದ್ದ. ಸೋಂದೆಯ ಕಡೆಯ ಪರಿಚಯದವರು ಅದನ್ನು ಕ್ಯಾನಿನಲ್ಲಿ ತುಂಬಿ ಕಳಿಸುತ್ತಿದ್ದರು. ಚೊಗರು ತಾಗಿದ ಕಡೆಯೆಲ್ಲ ತುಕ್ಕು ನಿಧಾನವಾಗಿ ನೇರಳೆ ಹಣ್ಣಿನ ಹಾಗೆ ಕಪ್ಪಾಗುತ್ತಿತ್ತು. ಆಮೇಲೆ ಅದು ಮುಂದೆ ತಿನ್ನುತ್ತಿರಲಿಲ್ಲ. ಶೆಡ್ಡಿನ ಉದ್ದನೆಯ ಮತ್ತಿಮರದ ಬೆಂಚಿನ ಮೇಲೆ ಸಾಲಾಗಿ ಕೂತ ಆ ಕರಿ ವೈಸುಗಳನ್ನು ನೋಡಿ ಓಣಿಯವರು ‘ದಾದಾಸಾಬರ ಹಲ್ಲಿನ ದವಾಖಾನೆ’ ಎಂದು ನಗುತ್ತಿದ್ದರು.

ಮಗಳು ಮುನ್ನಿ ಹೋದ ಮೇಲೆ ಬದ್ರುನ್ನಿಸಾಳೂ ಶೆಡ್ಡಿಗೆ ಬರತೊಡಗಿದಳು. ಮದುವೆಯ ವಯಸ್ಸಿಗೆ ಬಂದಿದ್ದ ಹುಡುಗಿ. ಒಂದು ಜ್ವರ ಬಂತು, ಕರೆದುಕೊಂಡು ಹೋಯಿತು. ಮನೆಯೊಳಗೆ ಕೂತರೆ ಗೋಡೆಗಳು ಹತ್ತಿರ ಬಂದಂತಾಗುತ್ತಿತ್ತು. ಗಂಡ ಏನೂ ಕೇಳದೆ ಅವಳ ಕೈಗೆ ಒಂದು ಬ್ರಶ್ಶು ಕೊಟ್ಟ. ಚೊಗರು ಬಳಿಯುವುದರಲ್ಲಿ ಅವಳ ಕೈ ಅವನಿಗಿಂತ ಸೂಕ್ಷ್ಮವಾಯಿತು.

ಹೇರೂರಿನ ವೆಂಕಮ್ಮ ಬಂದದ್ದು ಆ ವರ್ಷದ ಮಳೆಗಾಲ ಕಳೆದ ಮೇಲೆ. ಮೈದುನನ ಮಗ ಸಂಜಯ ತನ್ನ ಪಿಕಪ್ ಗಾಡಿಯಲ್ಲಿ ಕರೆತಂದಿದ್ದ. ಗೋಣಿಯಲ್ಲಿ ಸುತ್ತಿದ್ದ ವೈಸನ್ನು ಅವನೂ ದಾದಾಸಾಬನೂ ಸೇರಿ ಇಳಿಸಿದರು. ಗೋಣಿ ಬಿಚ್ಚಿದರೆ ದವಡೆಗಳ ನಡುವೆ ಒಂದು ಕತ್ತಿ ನಿಂತಿತ್ತು, ಅಲಗು ಮೇಲಾಗಿ.

“ಅಡಿಕೆ ಸುಲಿಯೋ ಕತ್ತಿ” ಎಂದಳು ವೆಂಕಮ್ಮ. “ನಂದೇ.”

ದಾದಾಸಾಬ ಹಿಡಿಯ ಮೇಲೆ ಕೈಯಿಟ್ಟು ನೋಡಿದ. ಅಲುಗಲಿಲ್ಲ. “ಪೂರಾ ಜಾಮ್ ಆಗೇದ. ಎಣ್ಣಿಯೊಳಗ ಮಲಗಿಸಿದ್ರ ತಾನs ಬಾಯಿ ಬಿಡ್ತದ ಬಿಡ್ರಿ.”

“ಬ್ಯಾಡ ಸಾಬ್ರೆ. ಬಾಯಿ ಬಿಡ್ಸೂದು ಬ್ಯಾಡ.”

ಸಂಜಯ ನಕ್ಕ. “ದೊಡ್ಡಮ್ಮಂದು ಅದೇ ಹಟ. ತುಕ್ಕು ಹೋಗ್ಬೇಕಂತೆ, ವೈಸ್ ಬಿಚ್ಚೂಕಾಗ್ದಂತೆ. ಹಲ್ಲಿನ ಡಾಕ್ಟ್ರ ಹತ್ರ ಹೋಗಿ ಬಾಯಿ ತೆಗೆಯೂದಿಲ್ಲೆ ಅಂದಂಗಾತು.”

“ನೀ ಗಾಡಿ ಹತ್ರ ಹೋಗಿ ನಿಲ್ಲೋ” ಎಂದು ಅವನನ್ನು ಹೊರಗೆ ಅಟ್ಟಿ, ವೆಂಕಮ್ಮ ಗಂಡಸಿನ ಕಡೆ ನೋಡದೆ ಬದ್ರುನ್ನಿಸಾಳಿಗೆ ಹೇಳತೊಡಗಿದಳು. ಅವಳ ಗಂಡ ಬೈರ ಊರಿನವರ ಪಂಪ್‌ಸೆಟ್ಟು, ಗುದ್ದಲಿ, ಕತ್ತಿ ಎಲ್ಲ ರಿಪೇರಿ ಮಾಡುತ್ತಿದ್ದವನು. ಎಷ್ಟೋ ವರ್ಷದ ಹಿಂದೆ, ಅಡಿಕೆ ಸುಲಿಯಲು ಕೂತ ದಿನ ಅವಳ ಕತ್ತಿ ಮೊಂಡಾಗಿತ್ತು.

“ಹತ್ತು ಹೆಂಗಸ್ರ ಎದುರಿಗೆ ಬೈದೆ ಅಕ್ಕಾ. ಊರವ್ರ ಕತ್ತಿಗೆಲ್ಲ ಅರ ಹಾಕ್ತ್ರಿ, ಮನೆ ಹೆಂಗ್ಸಿನ ಕತ್ತಿ ಮಾತ್ರ ಕಣ್ಣಿಗೆ ಕಾಣೂದಿಲ್ಲೆ ಅಂತ. ಅವ್ರು ನಗಾಡ್ತಾ ತಗಂಡು ಹೋದ್ರು. ಅರ್ಧ ಅಲಗಿಗೆ ಅರ ಹಾಕಿದ್ರು. ನೀರು ಕುಡೀತೆ ಅಂತ ಜಗಲಿಗೆ ಬಂದು ಕೂತವ್ರು ಏಳ್ಲೇ ಇಲ್ಲೆ.” ಅವಳು ಹಿಡಿಯ ಕಡೆ ಬೆರಳು ಮಾಡಿದಳು, ಮುಟ್ಟಲಿಲ್ಲ. “ಅದ್ರ ಮೇಲೆ ಇದನ್ನ ಯಾರೂ ತಿರುಗ್ಸಿದ್ದಿಲ್ಲೆ. ಅವ್ರು ಬಿಗಿದಿದ್ದು ಹಂಗೇ ಉಂಟು. ಈಗ ಕೊಟ್ಟಿಗೆ ಸೋರ್ತದೆ. ತುಕ್ಕು ತಿಂದೂ ತಿಂದೂ ಒಂದಿನ ತಾನೇ ಬಿಟ್ಟುಬಿಡ್ತದೆ. ಅದನ್ನ ನಿಲ್ಸಿ ಕೊಡಿ, ಸಾಕು.”

“ಒಳಗಿನ ತಿರುಪು ನೋಡದs ಮ್ಯಾಲೆ ಮ್ಯಾಲೆ ಬಣ್ಣ ಹಚ್ಚೋ ಕೆಲಸ ನಂಗ ಬರೂದಿಲ್ಲ ಅಮ್ಮಾ” ಎಂದ ದಾದಾಸಾಬ.

“ನಾ ಮಾಡ್ತೀನಿ” ಎಂದಳು ಬದ್ರುನ್ನಿಸಾ. ಗಂಡ ತಿರುಗಿ ನೋಡಿದ. “ಹೊರಗಿಂದಷ್ಟೇ ಮಾಡ್ತೀನಿ. ತಿರುಪು ಯಾರೂ ಮುಟ್ಟೂದಿಲ್ಲ. ನನ್ನ ಮಾತು ಇದು, ವೆಂಕಮ್ಮಾರೆ.”

ಅವಳಿಗೆ ಆ ಹೆಂಗಸಿನ ಹಟ ಹಟವೆಂದು ಅನ್ನಿಸಲೇ ಇಲ್ಲ. ಜ್ವರ ಏರುವ ಮೊದಲು, ಅದೇ ಬೆಳಿಗ್ಗೆ, ಮುನ್ನಿ ಕನ್ನಡಿಯ ಮುಂದೆ ನಿಂತು ತನ್ನ ಜಡೆ ತಾನೇ ಹೆಣೆದುಕೊಂಡಿದ್ದಳು. ಬಿಗಿಯಾದ ಜಡೆ, ಆಸ್ಪತ್ರೆಯ ಮಂಚದಲ್ಲಿ ಹೊರಳಾಡಿದರೂ ಬಿಚ್ಚಿರಲಿಲ್ಲ. ಹೂಳುವ ಮೊದಲು ಮಯ್ಯತ್ತಿಗೆ ಸ್ನಾನ ಮಾಡಿಸುವಾಗ ಜಡೆ ಬಿಚ್ಚಿ ತೊಳೆಯಬೇಕು, ಮತ್ತೆ ಮೂರು ಜಡೆಯಾಗಿ ಹೆಣೆಯಬೇಕು. ಬೇರೆ ಹೆಂಗಸರು ಮುಂದೆ ಬಂದಾಗ ಬದ್ರುನ್ನಿಸಾ ತಾನೇ ಕೂತು ಬಿಚ್ಚಿದಳು. ತಾಯಿಯ ಕೈಯಿಂದಲೇ ಆಗಲಿ ಎಂದು ಎಲ್ಲರೂ ಒಪ್ಪಿದರು. ಆಮೇಲೆ ಅವಳು ಹೆಣೆದ ಮೂರು ಜಡೆ ಅವಳ ಕೈಯದೇ ಆಗಿತ್ತು, ಮುನ್ನಿಯ ಕೈಯದಾಗಿರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕಟ್ಟಳೆ ಕಟ್ಟಳೆಯೇ ಅಲ್ಲವೇನೇ ಅನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು.

ಹೇರೂರಿನ ವೈಸನ್ನು ಅವಳು ಬೆಂಚಿನ ಸಾಲಿನಲ್ಲಿ ಇಡಲಿಲ್ಲ. ಮೂಲೆಯಲ್ಲಿ ಒಂದು ದಿಮ್ಮಿಯ ಮೇಲೆ ಕೂರಿಸಿ, ದಿನವೂ ಮನೆಯ ಕೆಲಸ ಮುಗಿಸಿ ಬಂದು ಅದರ ಮುಂದೆ ಕೂರುತ್ತಿದ್ದಳು. ತುಕ್ಕಿನ ಪದರ ಮೊದಲು ಹುಡಿಹುಡಿಯಾಗಿ, ಆಮೇಲೆ ಹಪ್ಪಳದ ಹಾಗೆ ಎದ್ದು ಬಂತು. ಕತ್ತಿಯ ಅಲಗಿನ ಮೇಲೆ ಬೈರನ ಅರದ ಗೆರೆಗಳು ಅರ್ಧದವರೆಗೆ ಬಂದು ನಿಂತಿದ್ದವು. ಅಲ್ಲಿ ಮಾತ್ರ ಬ್ರಶ್ಶು ಬಿಟ್ಟು ಬೆರಳಿಗೆ ಬಟ್ಟೆ ಸುತ್ತಿಕೊಂಡು ಒರೆಸಿದಳು. ಸಂದುಗಳಿಗೆ ತುಕ್ಕು ಮತ್ತೆ ಹೋಗದಿರಲಿ ಎಂದು ಕೋಳಿಗರಿಯಲ್ಲಿ ಎಣ್ಣೆ ಬಿಟ್ಟಳು. ಇವತ್ತು ಒಂದು ತೊಟ್ಟು, ನಾಳೆ ಒಂದು ತೊಟ್ಟು. ಅಷ್ಟು ವರ್ಷ ಆ ತಿರುಪನ್ನು ಅಲುಗದಂತೆ ಕಾದದ್ದು ತುಕ್ಕೇ ಎಂದು ಅವಳಿಗೆ ಆಗ ಹೊಳೆಯಲಿಲ್ಲ. ಎಣ್ಣೆ ಸದ್ದಿಲ್ಲದೆ ಒಳಗಿಳಿಯುತ್ತಿತ್ತು.

ಚೊಗರಿನ ಕೊನೆಯ ಕೈ ಒಣಗಿದ ದಿನ ದಾದಾಸಾಬನಿಗೇ ಖುಷಿಯಾಯಿತು. “ಬದ್ರು, ನನ್ನ ಕೆಲಸಾನೇ ನಾಚಿಸೀ ನೋಡು” ಎಂದು, ಬಣ್ಣ ಉಳಿದವುಗಳ ಜೊತೆ ಕೂಡುತ್ತದೋ ಎಂದು ನೋಡಲು ಅದನ್ನು ಎತ್ತಿ ಬೆಂಚಿನ ಸಾಲಿನಲ್ಲಿಟ್ಟ. ಇಬ್ಬರೂ ದೂರ ನಿಂತು ನೋಡಿದರು. ಆಮೇಲೆ ಯಾರೋ ಕರೆದರೆಂದು ಅವನು ಹೊರಗೆ ಹೋದ. ಮುಸ್ಸಂಜೆಯ ಮಗ್ರಿಬಿನ ಅಜಾನ್ ಕೇಳಿಸಿತು. ನಮಾಜಿಗೆ ಹೊತ್ತಾಯಿತೆಂದು ಬದ್ರುನ್ನಿಸಾ ತಲೆಯ ಸೆರಗು ಸರಿಮಾಡಿಕೊಳ್ಳುತ್ತ ಬೆಂಚಿನ ಈ ತುದಿಯಿಂದ ಆ ತುದಿಗೆ ನಡೆದಳು, ಒಂದೊಂದೇ ಹಿಡಿಯನ್ನು ಸಡಿಲಿಸುತ್ತ.

ಏನೋ ನೆಲಕ್ಕೆ ಬಿದ್ದ ಸದ್ದಾಯಿತು.

ಕತ್ತಿ ಅವಳ ಕಾಲ ಬಳಿ ಬಿದ್ದಿತ್ತು. ಅವಳ ಕೈ ಇನ್ನೂ ಹಿಡಿಯ ಮೇಲೇ ಇತ್ತು. ದವಡೆ ಕಚ್ಚಿದ್ದ ಜಾಗದಲ್ಲಿ ಕಬ್ಬಿಣ ಹೊಸದರ ಹಾಗೆ ಬೆಳ್ಳಗಿತ್ತು. ಗಾಳಿ, ನೀರು ಸೋಕದ ಒಂದು ಪಟ್ಟಿ, ಬೈರ ಬಿಗಿದ ದಿನದ್ದು. ಅವಳಿಗೆ ಅಜಾನ್ ಮುಗಿದದ್ದು ಕೇಳಿಸಲಿಲ್ಲ.

ದಾದಾಸಾಬ ಬಂದವನು ಮೊದಲು ಅವಳ ಕಾಲಿಗೆ ಪೆಟ್ಟಾಗಿದೆಯೋ ಎಂದು ನೋಡಿದ. ಆಮೇಲೆ ಕತ್ತಿ ಎತ್ತಿಕೊಂಡ.

“ಇಲ್ಲಿಟ್ಟವ ನಾನು. ತಪ್ಪು ನಂದು.”

“ತಿರುಗಿಸಿದ್ದು ನನ್ನ ಕೈ.”

“ಅಳಬ್ಯಾಡ. ಹಲ್ಲಿನ ಗುರುತು ಅದ ನೋಡು, ಅದರೊಳಗs ಕೂರಿಸಿ ಬಿಗೀತೀನಿ. ಕೂದಲೆಳಿಯಷ್ಟೂ ಫರಕು ಇರೂದಿಲ್ಲ. ಪರಪಂಚದಾಗ ಯಾರಿಗೂ ಗೊತ್ತಾಗೂದಿಲ್ಲ.”

“ನಂಗ ಗೊತ್ತಾಗ್ತದಲ್ಲ.”

“ನಿಂಗ ಗೊತ್ತಿದ್ರ ಏನಾತು? ವೈಸ್ ನಿಂದಲ್ಲ, ಆಕೀದು.” ಅವನು ಎಂದೂ ಅಷ್ಟು ಮೆಲ್ಲಗೆ ಮಾತಾಡಿದವನಲ್ಲ. “ಸುಮ್ನಿರು ಬದ್ರು. ನನ್ನಾಣೆ.”

ಅವನು ಬಿಗಿದ. ನಿಜಕ್ಕೂ ಫರಕು ಇರಲಿಲ್ಲ. ಆದರೂ ಬದ್ರುನ್ನಿಸಾ ಅದರ ಕಡೆ ನೋಡಿದಾಗಲೆಲ್ಲ ಅಲ್ಲಿ ತನ್ನ ಗಂಡನ ಕೈ ಕಾಣುತ್ತಿತ್ತು.

ವೆಂಕಮ್ಮ ಒಬ್ಬಳೇ ಬಸ್ಸಿನಲ್ಲಿ ಬಂದಳು. ಸಂಜಯ ಮಧ್ಯಾಹ್ನದ ಮೇಲೆ ಗಾಡಿ ತರುತ್ತಾನೆ ಎಂದಳು. ಶೆಡ್ಡಿನೊಳಗೆ ಬಂದು ವೈಸಿನ ಎದುರು ನಿಂತಳು. ಕರ್ರಗೆ, ಮಿರಿಮಿರಿ, ಹೊಸದೊಂದು ದೇವರ ಕಲ್ಲಿನ ಹಾಗೆ ಕೂತಿತ್ತು ಅದು. ಮೊದಲ ಸಲ ಅವಳು ಹಿಡಿಯನ್ನು ಮುಟ್ಟಿದಳು. ಅಂಗೈ ಇಟ್ಟು, ಒತ್ತದೆ, ಹಾಗೇ ಇಟ್ಟುಕೊಂಡಳು. ಅವಳ ಮುಖ ಸಡಿಲಾಯಿತು.

“ಹಂಗೇ ಉಂಟು” ಎಂದಳು. “ನಿನ್ನೆ ಬಿಗಿದಂಗೆ ಉಂಟು, ಅಲ್ದಾ ಅಕ್ಕಾ?”

ದಾದಾಸಾಬ ಹೆಂಡತಿಯನ್ನು ನೋಡಿದ. ಕಣ್ಣಲ್ಲೇ ಬೇಡಿಕೊಂಡ.

ಬದ್ರುನ್ನಿಸಾ ಹೇಳಿಬಿಟ್ಟಳು. ಸಾಲಿನಲ್ಲಿಟ್ಟದ್ದು, ದಿನದ ರೂಢಿ, ಕತ್ತಿ ಬಿದ್ದದ್ದು, ಗಂಡ ಮತ್ತೆ ಬಿಗಿದದ್ದು. ಹೇಳುವಾಗ ಎದೆಯ ಮೇಲಿನ ಭಾರ ಒಂದೊಂದು ಮಾತಿಗೂ ಇಳಿಯುತ್ತಿರುವುದು ಅವಳಿಗೇ ಗೊತ್ತಾಗುತ್ತಿತ್ತು.

ವೆಂಕಮ್ಮ ಹಿಡಿಯಿಂದ ಕೈ ತೆಗೆದಳು. ಬಿಸಿ ಪಾತ್ರೆ ಮುಟ್ಟಿದವರಂತಲ್ಲ. ಬೇರೆಯವರ ವಸ್ತುವನ್ನು ತನ್ನದೆಂದುಕೊಂಡು ಮುಟ್ಟಿದವರ ಹಾಗೆ, ನಾಚಿಕೊಂಡು.

“ತಿರುಗ್ಸೂಕೆ ಬಲ ಹಾಕ್ಬೇಕಾತಾ?” ಎಂದು ಕೇಳಿದಳು.

“ಇಲ್ಲ. ಹಗುರಕ್ಕೆ ಬಂತು.”

“ಹ್ಞಾಂ.” ಆಮೇಲೆ, ಬಯ್ಯುವ ದನಿಯಲ್ಲಲ್ಲ, ನಿಜಕ್ಕೂ ತಿಳಿಯಬೇಕೆಂಬಂತೆ ಕೇಳಿದಳು: “ನಂಗೆ ಎಂತಕ್ಕೆ ಹೇಳಿದ್ರಿ ಅಕ್ಕಾ? ಹೇಳದಿದ್ರೆ ನನ್ನ ಪಾಲಿಗೆ ಅದು ಹಂಗೇ ಇರ್ತಿತ್ತು.”

ಬದ್ರುನ್ನಿಸಾಳ ನಾಲಿಗೆಯ ತುದಿಗೆ ಮುನ್ನಿಯ ಜಡೆ ಬಂದಿತ್ತು. ಈಗ ಅದನ್ನು ಹೇಳಿದರೆ ಕ್ಷಮಿಸು ಎಂದು ಮಗಳನ್ನು ಮುಂದೆ ಮಾಡಿ ಬೇಡಿದಂತಾಗುತ್ತದೆ ಎನ್ನಿಸಿ ಅವಳು ಚಹಾ ಇಡಲು ಒಳಗೆ ಹೋದಳು.

ಚಹಾ ತಂದರೆ ವೆಂಕಮ್ಮ ಬೇಡ ಅನ್ನಲಿಲ್ಲ. ಅರ್ಧ ಕುಡಿದು ಇಟ್ಟಳು. ಸಂಜಯ ಬಂದ. “ಅರೇ, ಹೊಸ್ತೇ ಆಗೋಯ್ತಲ್ರೋ!” ಎಂದು ಎತ್ತಲು ಬಗ್ಗಿದವನನ್ನು ಅವಳು ತಡೆದಳು.

“ಅದು ಇಲ್ಲೇ ಇರ್ಲಿ. ಕತ್ತಿ ಬಿಚ್ಚಿ ಕೊಡಿ ಸಾಬ್ರೆ.”

ದಾದಾಸಾಬ ಬಿಚ್ಚಿದ. ಅವಳು ಕತ್ತಿಯನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿಕೊಂಡು, ಇಬ್ಬರಿಗೂ ಬರ್ತೆ ಎಂದು ಹೇಳಿ ಗಾಡಿ ಹತ್ತಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಡಿಕೆ ಸುಲಿಯುವ ಕಾಲ ಬಂತು, ಹೋಯಿತು. ಹೇರೂರಿನಿಂದ ಸುದ್ದಿ ಇರಲಿಲ್ಲ. ದಾದಾಸಾಬ ಹೊಸ ವೈಸು ತರುವುದನ್ನು ನಿಲ್ಲಿಸಿದ. ಬೆಳಗಾವಿಯಿಂದ ಹಳೆಯ ಸಾಮಾನು ಸಂಗ್ರಹಿಸುವವರು ವೈಸು ನೋಡಲು ಬಂದರೆ ಹುಷಾರಿಲ್ಲ ಎಂದು ಹಿಂದೆ ಕಳಿಸಿದ. ಅನ್ನ ಕಲಸಿಕೊಂಡು ಕೂತವನು ತಟ್ಟೆಯೊಳಗೇ ನೋಡುತ್ತಿದ್ದ. ಆ ವೈಸನ್ನು ಎತ್ತಿ ಸಾಲಿನಲ್ಲಿ ಇಟ್ಟವ ನಾನೇ ಎಂದು ಅವನು ಮತ್ತೆ ಹೇಳಲಿಲ್ಲ. ಆದರೆ ಒಂದು ದಿನ ಕೇಳಿದ: “ಒಮ್ಮೆ ಹೋಗಿ ನೋಡಿ ಬರ್ತೀಯೇನ? ಹೆಂಗಸರು ಹೆಂಗಸರು ಮಾತಾಡಿದ್ರ ಬ್ಯಾರೆ.”

ಅವಳು ಹೊರಟಳು. ಸಿರಸಿಯಲ್ಲಿ ಇಳಿದಾಗ ಹೇರೂರಿನ ಕಡೆ ಹೋಗುವ ಸಿದ್ದಾಪುರದ ಬಸ್ಸು ನಿಂತೇ ಇತ್ತು. ಕಂಡಕ್ಟರ್ ಬಾಗಿಲಲ್ಲಿ ನಿಂತು, “ಬರ್ತ್ರಾ ಅಮ್ಮಾ? ಬಿಡ್ತದೆ, ಹತ್ತಿ” ಎಂದ. ಅವಳು ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟಳು. ಹೇರೂರಿಗೆ ಹೋಗಿ, ಆ ಜಗಲಿಯಲ್ಲಿ ಕೂತು, ತಾನು ಏನು ಹೇಳುವುದು? ಅಂದು ಶೆಡ್ಡಿನಲ್ಲಿ ಮಾತಾಡುತ್ತ ಹೋದ ಹಾಗೆ ತನ್ನ ಎದೆ ಹಗುರಾದದ್ದು ಅವಳಿಗೆ ನೆನಪಾಯಿತು. ಆ ಭಾರ ಇಳಿದು ಹೋಗಿ ಕೂತದ್ದು ಎಲ್ಲಿ ಎಂಬುದೂ. ಈಗ ಉಳಿದ ಚೂರನ್ನೂ ಹೊತ್ತುಕೊಂಡು ಹೋಗಿ ಆ ಹೆಂಗಸಿನ ಎದುರು ಇಳಿಸುವುದೇ? ಅವಳು ಕಾಲು ಹಿಂದಕ್ಕೆ ತೆಗೆದಳು. ಬಸ್ಸು ಹೋಯಿತು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು, ಬಿಸಿಲು ಇಳಿದ ಮೇಲೆ ಯಲ್ಲಾಪುರದ ಬಸ್ಸು ಹಿಡಿದಳು.

ದಾದಾಸಾಬ ಬಾಗಿಲಲ್ಲೇ ಕಾಯುತ್ತಿದ್ದ. “ಸಿಕ್ಕಿದ್ರೇನ?”

“ಹ್ಞೂಂ.”

“ಏನಂದ್ರು?”

ಅವಳು ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು, ಸೆರಗಿನಲ್ಲಿ ಮುಖ ಒರೆಸಿಕೊಂಡಳು. “ಆರಾಮ ಇದ್ದಾರ. ಕತ್ತಿಗೆ ಉಳಿದರ್ಧ ಅರ ಹಾಕಿಸ್ಯಾರಂತ. ಈ ಸಲ ಅದರಾಗs ಸುಲದ್ರಂತ ಅಡಿಕಿ.”

“ಖರೇನs?”

“ಖರೇನ. ನಿಮ್ಮನ್ನ ಕೇಳಿದ್ರು. ಸಾಬ್ರು ಸುಮ್ನೆ ಮನಸ್ಸಿಗೆ ಹಚ್ಕೋಬಾರ್ದು ಅಂದ್ರು.”

ಅವನು ಟೊಪ್ಪಿಗೆ ತೆಗೆದು, ತಲೆ ಸವರಿಕೊಂಡು, ಮತ್ತೆ ಹಾಕಿಕೊಂಡ. “ಯಾ ಅಲ್ಲಾ” ಎಂದ. ಆ ದಿನ ಅವನು ಹೊಟ್ಟೆ ತುಂಬ ಉಂಡ. ಊಟದ ನಡುವೆ ಕತ್ತಿಗೆ ಯಾರು ಅರ ಹಾಕಿದರಂತೆ ಎಂದು ಕೇಳಿದ. ಸಂಜಯನೇ ಹಾಕಿದನಂತೆ ಎಂದಳು. ಹುಡುಗನಿಗೆ ಬರ್ತದೋ ಇಲ್ಲವೋ ಎಂದು ಅವನು ಅನುಮಾನಪಟ್ಟ. ಬರ್ತದಂತೆ, ಅವನ ಚಿಕ್ಕಂದಿನಲ್ಲಿ ಬೈರನೇ ಕಲಿಸಿದ್ದನಂತೆ ಎಂದು ಅವಳು ಇನ್ನೊಂದು ಸೌಟು ಸಾರು ಬಡಿಸಿದಳು.