ಗಾಯದ ಪಕ್ಕದ ಅಳತೆ

ಅಂಗಡಿ ಬೋರ್ಡು ಬರೆಯುವ ಹುಡುಗನನ್ನು ಕ್ಷೇಮ ಇಲಾಖೆಯವರು ಅವನ ಹಾಸಿಗೆಯಿಂದಲೇ ಎತ್ತಿಕೊಂಡು ಹೋದರು. ತೊಡೆಯ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ಚಪ್ಪಲಿ ಹಾಕಿಕೊಳ್ಳಲು ಬಿಡಲಿಲ್ಲ. ಎಲ್ಲಿಗೆ ಎಂದು ಅವನ ಅಕ್ಕ ಕೇಳಿದ್ದಕ್ಕೆ ತಿಳಿಸುತ್ತೇವೆ ಎಂದರು. ತಿಳಿಸಲಿಲ್ಲ.

ಅಕ್ಕ ಶಾಲೆಯ ಸಮವಸ್ತ್ರ ಹೊಲಿಯುವ ಟೈಲರ್. ಅಂದು ಮಧ್ಯಾಹ್ನ ಅವಳು ಚಿಕಿತ್ಸಾಲಯಕ್ಕೆ ಬಂದು ಎಲ್ಲರಂತೆ ಚೀಟಿ ಮಾಡಿಸಿದಳು, ಎಲ್ಲರಂತೆ ಬೆಂಚಿನ ಮೇಲೆ ಕಾದಳು, ಬೆರಳಿಗೆ ಮೆಷಿನ್ ಸೂಜಿ ಚುಚ್ಚಿದೆ ಎಂದು ಹೇಳಿ ಗಾಯಕ್ಕೆ ಪಟ್ಟಿ ಕಟ್ಟುವ ಕೋಣೆಯೊಳಗೆ ಬಂದಳು. ಬೆರಳಿಗೆ ಏನೂ ಆಗಿರಲಿಲ್ಲ. ಬಾಗಿಲು ಅರ್ಧ ತೆರೆದಿದ್ದರಿಂದ ಒಳಗಿದ್ದ ನರ್ಸ್ ಆ ನೆಟ್ಟಗಿದ್ದ ಬೆರಳಿಗೇ ಔಷಧಿ ಹಚ್ಚಿ, ಹತ್ತಿ ಇಟ್ಟು, ನಿಧಾನವಾಗಿ ಸುತ್ತತೊಡಗಿದಳು. ಬಡಾವಣೆಯವರೆಲ್ಲ ಈ ನರ್ಸನ್ನು ಪಟ್ಟಿಯಕ್ಕ ಎನ್ನುತ್ತಿದ್ದರು. ಅವಳ ಕೈ ಹಗುರ, ಅಂಟಿದ ಬಟ್ಟೆಯನ್ನು ಬಿಡಿಸುವಾಗ ನೋವಾಗುವುದಿಲ್ಲ ಎಂದು ಹೆಸರು.

ಟೈಲರ್ ತಲೆ ತಗ್ಗಿಸಿಕೊಂಡೇ ಹೇಳಿದಳು: "ಕೆಳಗಿನ ಮನೆ ಬಾಗಿಲು ತಟ್ಟಲೇ ಇಲ್ಲ ಅಕ್ಕಾ. ಮುಂದಿನ ರೂಮು ಕೂಡ ನೋಡಲಿಲ್ಲ. ಸೀದಾ ಹಿಂದಿನ ರೂಮಿಗೇ ಬಂದ್ರು. ದಿನಾ ಬಂದು ಹೋಗೋ ನೆಂಟರ ಥರ."

ಆಪಾದನೆ ಮಾಡಲು ಬಂದವಳಲ್ಲ ಅವಳು. ತಮ್ಮನಿಗೆ ಯಾವ ಮಾತ್ರೆ ಬೇಕಾಗಬಹುದು, ಜ್ವರ ಬಂದರೆ ಏನು, ಕೊಡಲು ಬಿಟ್ಟರೆ ಏನೇನು ಒಯ್ಯಲಿ ಎಂದು ಕೇಳಿದಳು. ಬೈದಿದ್ದರೆ ಪಟ್ಟಿಯಕ್ಕನಿಗೆ ಉಸಿರಾದರೂ ಸರಾಗವಾಗುತ್ತಿತ್ತು. ಅವಳು ಹೋದ ಮೇಲೂ ಪಟ್ಟಿಯಕ್ಕ ಕತ್ತರಿ ಹಿಡಿದುಕೊಂಡೇ ಕೂತಿದ್ದಳು. ಹೊರಗೆ ಕಾದವರು ಕೆಮ್ಮಿ ನೆನಪಿಸಬೇಕಾಯಿತು.

ಆ ಹಿಂದಿನ ಕೋಣೆ ಗೊತ್ತಿದ್ದವರು ಕೆಲವರೇ. ಪ್ರತಿಭಟನೆಯ ಮೆರವಣಿಗೆಯ ದಿನ ಪೊಲೀಸರ ರಬ್ಬರ್ ಗುಂಡು ತಗುಲಿದವರನ್ನು ಆಸ್ಪತ್ರೆಗಳು ನೋಡುವಂತಿರಲಿಲ್ಲ. ನೋಡಬಹುದು, ಆದರೆ ನೋಡುವ ಮೊದಲು ಕ್ಷೇಮ ಇಲಾಖೆಗೆ ತಿಳಿಸಬೇಕು ಎಂದು ಆದೇಶ. ಹಾಗಾಗಿ ಗಾಯಗಳೆಲ್ಲ ಮನೆಯೊಳಗೆ ಸೇರಿಕೊಂಡವು. ವಯಸ್ಸಾದ ಡಾಕ್ಟರೊಬ್ಬರು ಅಡುಗೆಮನೆಯ ಮೇಜುಗಳ ಮೇಲೆ ಹೊಲಿಗೆ ಹಾಕಿದರು. ಕೆಲಸ ಮುಗಿಸಿಕೊಂಡು ಪಟ್ಟಿಯಕ್ಕ ಸುತ್ತು ಹೋಗಿ ಪಟ್ಟಿ ಬದಲಿಸಿದಳು. ಬಾಯಿಬಿಡುವವರು ಯಾರೂ ಇರಲಿಲ್ಲ. ಯಾರೂ ಬಾಯಿಬಿಟ್ಟೂ ಇರಲಿಲ್ಲ.

ಬಾಯಿಬಿಟ್ಟದ್ದು ಯಾವುದು ಎಂದು ಅವಳಿಗೆ ಬೆರಳು ಸುತ್ತುವಾಗಲೇ ಹೊಳೆದಿತ್ತು.

ಕಳೆದ ಸುತ್ತಿನಲ್ಲಿ ನೋಡಿದಾಗ ಹುಡುಗನ ಹೊಲಿಗೆಯ ಅಂಚು ಕೆಂಪಾಗಿತ್ತು. ಮುಟ್ಟಿದರೆ ಬಿಸಿ. ಕೀವು ಕಟ್ಟುತ್ತಿದೆಯೋ ಏನೋ ಎಂದು ಡಾಕ್ಟರನ್ನು ಕೇಳಬೇಕಿತ್ತು. ಗಾಯದ ಬಗ್ಗೆ ನನಗೆ ವರದಿ ಒಪ್ಪಿಸಬೇಡಿ, ತೋರಿಸಿ ಎನ್ನುವ ಮನುಷ್ಯ ಅವರು. ಆವರೆಗೆ ಫೋನನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದವಳು ಆ ದಿನ ಬ್ಯಾಗಿನಲ್ಲಿ ಹಾಕಿಕೊಂಡಳು, ಇರುವ ಜಾಗ ತೋರಿಸುವ ಗುಂಡಿಯನ್ನೆಲ್ಲ ಆರಿಸಿಯೇ. ಫೋಟೋ ತೆಗೆಯುವ ಮೊದಲು, ವರ್ಷಗಳಿಂದ ದಿನವಿಡೀ ಮಾಡಿದಂತೆ, ಚಿಕಿತ್ಸಾಲಯದ ಅಳತೆಯ ಕಾಗದವೊಂದನ್ನು ಜೇಬಿನಿಂದ ತೆಗೆದು ಗಾಯದ ಪಕ್ಕ ಇಟ್ಟಳು. ಕಪ್ಪು ಬಿಳಿ ಚೌಕಗಳ ಪುಟ್ಟ ಕಾಗದ ಅದು, ಗಾಯ ಎಷ್ಟು ಕುಗ್ಗಿತು ಎಂದು ತಿಳಿಯಲು ಇಡುವಂಥದ್ದು. ಅದಿಲ್ಲದೆ ಫೋಟೋ ತೆಗೆದರೆ ಡಾಕ್ಟರು ರೇಗುತ್ತಾರೆ. ಕೈ ತನ್ನಷ್ಟಕ್ಕೆ ಇಟ್ಟಿತು.

ನರ್ಸುಗಳ ಫೋನಿನಲ್ಲಿರುವ ಚಿಕಿತ್ಸಾಲಯದ ಆ್ಯಪಿಗೆ ಆ ಚೌಕಗಳು ಕಂಡರೆ ಸಾಕು, ಫೋಟೋ ಕೇಳದೆಯೇ ಚಿಕಿತ್ಸಾಲಯದ ದಾಖಲೆಗೆ ಹೋಗಿ ಕೂತುಬಿಡುತ್ತದೆ. ನರ್ಸುಗಳ ಕೆಲಸ ಹಗುರಾಗಲಿ ಎಂದು ಮಾಡಿಕೊಟ್ಟ ವ್ಯವಸ್ಥೆ. ಫೋನಿನಲ್ಲಿ ಆರಿಸಿದ ಗುಂಡಿಗಳು ಫೋನಿಗೆ ಮಾತ್ರ, ಈ ವ್ಯವಸ್ಥೆಗೆ ತನ್ನದೇ ಬೇರೆ ಕಣ್ಣಿತ್ತು. ಯಾವ ಬೀದಿ, ಯಾವ ಮಹಡಿ, ಮನೆಯ ಯಾವ ಮೂಲೆ ಎಂದು ಗುರುತು ಹಾಕಿಕೊಂಡೇ ಅದು ಫೋಟೋ ಒಯ್ಯುತ್ತಿತ್ತು. ದಾಖಲೆಯ ಬಾಗಿಲನ್ನು ಇಲಾಖೆಗೆ ತೆರೆದು ಕೊಟ್ಟಾಗಿದೆ ಎಂಬ ಸುತ್ತೋಲೆ ಬಂದಾಗ ಎಲ್ಲರಂತೆ ಅವಳೂ ನಿಂತುಕೊಂಡೇ ಓದಿ, ಒಪ್ಪಿದೆ ಎಂದು ಒತ್ತಿದ್ದಳು.

ಎಲ್ಲರೂ ಒತ್ತಿದ್ದರು. ಇಲಾಖೆಯ 'ಕ್ಷೇಮ' ಆ್ಯಪ್ ಬಂದೂಕು ಹಿಡಿದುಕೊಂಡು ಬಂದದ್ದಲ್ಲ. ಸಾಲು ಕಡಿಮೆ ಮಾಡುತ್ತೇನೆ ಎನ್ನುತ್ತಾ ಬಂತು. ಮೊದಲು ಬಸ್ ಪಾಸಿಗೆ, ಆಮೇಲೆ ಔಷಧಿ ಅಂಗಡಿಗೆ, ಆಮೇಲೆ ಮಕ್ಕಳ ಪರೀಕ್ಷೆಯ ಅಂಕಕ್ಕೆ. ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತವಳು ನಿಬಂಧನೆ ಓದುತ್ತಾಳೆಯೇ? ಓದುವುದಿಲ್ಲವೆಂದು ತಿಳಿದವರೇ ಅದನ್ನು ಬರೆದದ್ದು. ಎಲ್ಲಿಗೆ ಹೊರಟಿರಿ, ಯಾಕೆ ತಡವಾಯಿತು, ನಿನ್ನೆ ಯಾರ ಜೊತೆ ಇದ್ದಿರಿ ಎಂದು ಅದು ಕೇಳುತ್ತಲೇ ಇರುವುದರಿಂದ ಜನ ಅದಕ್ಕೆ 'ಅತ್ತೆಮ್ಮ' ಎಂದು ಹೆಸರಿಟ್ಟು ನಕ್ಕರು. ನಗು ಬಹಳ ಸಹಾಯ ಮಾಡಿತು. ನಕ್ಕ ಮೇಲೆ ಬೇರೇನೂ ಮಾಡಬೇಕೆನಿಸಲಿಲ್ಲ.

ಪಟ್ಟಿಯಕ್ಕನ ಮನೆಯಲ್ಲಿದ್ದ ನಿಜವಾದ ಅತ್ತೆಗೆ ಮಾತ್ರ ಈ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು. ನಾನು ಯಾವತ್ತಾದರೂ ನಿನ್ನ ಬ್ಯಾಗು ತೆಗೆದು ನೋಡಿದ್ದೀನಾ, ಆ ದರಿದ್ರಕ್ಕೆ ನನ್ನ ಹೆಸರು ಯಾಕೆ ಎಂದು ಸೊಸೆಯೊಡನೆ ಜಗಳ ತೆಗೆದಿದ್ದರು.

ಟೈಲರ್ ಬಂದುಹೋದ ಆ ಸಂಜೆ ಪಟ್ಟಿಯಕ್ಕ ಚಪ್ಪಲಿ ಬಿಡುವ ಮೊದಲೇ ನಡೆದದ್ದನ್ನು ಹೇಳಿದಳು. ಗಂಡ ನೀರು ಸರಬರಾಜು ಕಚೇರಿಯ ಗುಮಾಸ್ತ. ಹೆದರಿದಾಗ ಸಿಟ್ಟಾಗುವ ಜಾತಿಯವನು. ಈಗಲೇ ಎಲ್ಲಾ ಅಳಿಸು ಎಂದ. ಅಳಿಸಿದರೆ ಅಳಿಸಿದ್ದೂ ಅವರಿಗೆ ಗೊತ್ತಾಗುತ್ತದೆ ಎಂದು ಮಗಳು ಹೇಳಿದಳು. ಹಾಗಾದರೆ ಗುಂಡಿ ಒತ್ತುವ ಹಳೆಯ ಫೋನು ತಗೋ ಎಂದ. ಹಳೆಯ ಫೋನು ಕೊಳ್ಳುವವರನ್ನೇ ಮೊದಲು ನೋಡುವುದು, ಅಂಗಡಿಯಲ್ಲೇ ಮುಖದ ಫೋಟೋ ಹಿಡಿಯುತ್ತಾರೆ ಎಂದಳು ಮಗಳು. ಕಾಲೇಜಿನಲ್ಲಿ ಓದುವ ಅವಳು ಒಂದು ವರ್ಷದಿಂದ ಇದನ್ನೆಲ್ಲ ಹೇಳುತ್ತಲೇ ಬಂದಿದ್ದಳು. ನಿನಗೆ ಪರೀಕ್ಷೆ ಇಲ್ವಾ, ಹೋಗಿ ಓದ್ಕೋ ಎಂದು ಅಪ್ಪ ಅಮ್ಮ ಇಬ್ಬರೂ ಅವಳ ಬಾಯಿ ಮುಚ್ಚಿಸಿದ್ದರು. ಈಗ ನಾನು ಹೇಳಿದ್ದೆನಲ್ಲ ಎನ್ನುವ ಖುಷಿ ಕೂಡ ಅವಳ ಮುಖದಲ್ಲಿ ಇರಲಿಲ್ಲ.

ಗಂಡ ಸುಸ್ತಾಗಿ ಕುರ್ಚಿಗೆ ಒರಗಿದ. "ನಾಲ್ಕು ಜನರ ಹಾಗೆ ಇರೋಕೆ ಏನು ಕಷ್ಟ ನಿಂಗೆ? ಆ ಹುಡುಗ ಸಿಕ್ಕಿದ್ದಾಯ್ತು. ಇನ್ನು ಆ ಕಡೆ ತಲೆ ಹಾಕಬೇಡ."

ಆದರೆ ಇನ್ನೊಬ್ಬಳಿದ್ದಳು. ಗಿರಣಿಯ ಹಿಂದಿನ ಓಣಿಯಲ್ಲಿ ಒಬ್ಬ ಬಾಣಂತಿ. ಮೆರವಣಿಗೆಯ ದಿನ ಕಿಟಕಿಯೊಳಗೆ ಬಂದು ಬಿದ್ದ ಅಶ್ರುವಾಯು ಡಬ್ಬಿಯಿಂದ ಬೆನ್ನು ಸುಟ್ಟಿತ್ತು. ಮೆರವಣಿಗೆಗೆ ಹೋದವಳೂ ಅಲ್ಲ, ಮಗುವಿಗೆ ಹಾಲೂಡಿಸುತ್ತಿದ್ದಳು. ಅವಳ ಪಟ್ಟಿ ಇವತ್ತು ಬದಲಿಸದಿದ್ದರೆ ಬಟ್ಟೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಫೋನು ಹಿಡಿದುಕೊಂಡು ಹೋದರೆ ಆ ಬಾಗಿಲನ್ನೂ ತೋರಿಸಿಕೊಟ್ಟ ಹಾಗೆ. ಮೊದಲಿನಂತೆ ಮನೆಯಲ್ಲಿ ಬಿಟ್ಟು ಹೋದರೆ, ಅವಳ ಮೇಲೆ ಕಣ್ಣು ಬಿದ್ದಿರುವ ಈ ಹೊತ್ತಿನಲ್ಲಿ, ಸಂಜೆಯಾದರೆ ಫೋನು ಯಾಕೆ ಮೇಜಿನ ಮೇಲೇ ಮಲಗಿರುತ್ತದೆ ಎಂದು ಯಾರಾದರೂ ಕೇಳಬಹುದು.

ಅತ್ತೆ ಅಷ್ಟು ಹೊತ್ತು ಬಟ್ಟೆ ಮಡಚುತ್ತಾ ಕೂತಿದ್ದರು. "ಕೊಡು ಇತ್ಲಾಗೆ," ಎಂದು ಕೈ ಚಾಚಿದರು. "ನಿನ್ನ ಅತ್ತೆಮ್ಮನ್ನ ನಾನು ಸುತ್ತಾಡಿಸ್ಕೊಂಡು ಬರ್ತೀನಿ. ಅದಕ್ಕೂ ಗಾಳಿ ಬೇಕಲ್ಲ."

ಯಾರಿಗೂ ನಗು ಬರಲಿಲ್ಲ, ಆದರೆ ಬೇಡ ಎಂದೂ ಯಾರೂ ಅನ್ನಲಿಲ್ಲ. ಅತ್ತೆ ಫೋನನ್ನು ತರಕಾರಿ ಚೀಲಕ್ಕೆ ಹಾಕಿಕೊಂಡು ಪೇಟೆಯ ಕಡೆಗೆ ಹೊರಟರು. ಪಟ್ಟಿಯಕ್ಕ ಬಸ್ಸು ಹತ್ತದೆ ಗಿರಣಿಯ ಕಡೆಗೆ ನಡೆದಳು. ಜೇಬಿನಲ್ಲಿ ಫೋನಿನ ಭಾರ ಇಲ್ಲದ್ದಕ್ಕೆ ಕೈ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು, ಏನೋ ಮರೆತು ಬಂದವಳ ಹಾಗೆ.

ಬಾಣಂತಿಯ ಗಂಡ ಸಾಮಾನು ಸಾಗಿಸುವ ಗಾಡಿಯ ಚಾಲಕ. ಹೆಂಡತಿಯ ಬೆನ್ನು ನೋಡಲಾರದೆ ಪ್ರತಿಸಲವೂ ಹೊರಗೆ ಹೋಗಿ ನಿಲ್ಲುತ್ತಿದ್ದವನನ್ನು ಅವಳು ಅಂದು ಒಳಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ನೀರು ಎಷ್ಟು ಕುದಿಸಬೇಕು, ಎಷ್ಟು ಆರಿಸಬೇಕು, ಒಣಗಿದ ಬಟ್ಟೆಯನ್ನು ಎಳೆಯದೆ ನೆನೆಸಿ ಬಿಡಿಸುವುದು ಹೇಗೆ ಎಂದು ತೋರಿಸಿದಳು. ಅವನ ದಪ್ಪ ಬೆರಳು ಬಟ್ಟೆಯ ಅಂಚಿನವರೆಗೆ ಹೋಗಿ ಹಿಂದಕ್ಕೆ ಬಂತು. ಬಾಣಂತಿ ದಿಂಬಿನಲ್ಲಿ ಮುಖ ಒತ್ತಿಕೊಂಡು, ಗಾಡಿ ಮಾತ್ರ ದಡಬಡ ಓಡಿಸ್ತೀಯ, ಇದಕ್ಕೆ ಹೆದರ್ತೀಯಾ ಎಂದು ಬೈದಳು. ಎರಡನೆಯ ಸಲ ಅವನು ಅಂಚು ಹಿಡಿದು ನಿಧಾನವಾಗಿ ಬಿಡಿಸಿದ.

ಇನ್ನು ನಾನು ಬರುವುದಿಲ್ಲ, ಇಲ್ಲಿ ಇರಲೂಬೇಡಿ, ಎಲ್ಲಿಗೆ ಹೋಗುತ್ತೀರೆಂದು ನನಗೂ ಹೇಳಬೇಡಿ ಎಂದಳು ಪಟ್ಟಿಯಕ್ಕ. ಗಾಡಿಯವನು ಯಾಕೆ ಎಂದು ಕೇಳಲಿಲ್ಲ. ಈಗೀಗ ಯಾರೂ ಯಾಕೆ ಎಂದು ಕೇಳುವುದಿಲ್ಲ.

ಮರುದಿನ ಬೆಳಿಗ್ಗೆ ಪಟ್ಟಿ ಕಟ್ಟುವ ಕೋಣೆಯ ಬೀಗ ತೆಗೆಯುವಷ್ಟರಲ್ಲೇ ಮೇಲ್ವಿಚಾರಕಿಯ ಕೋಣೆಗೆ ಕರೆ ಬಂತು. ಮೇಲ್ವಿಚಾರಕಿ ಅವಳ ಜೊತೆಗೇ ತರಬೇತಿ ಮುಗಿಸಿದವಳು. ಹಾಸ್ಟೆಲಿನಲ್ಲಿ ಒಂದೇ ಸೋಪು, ಒಂದೇ ಬಾಚಣಿಗೆ. ಕುರ್ಚಿ ಸಿಕ್ಕ ಮೇಲೆ ಪಟ್ಟಿಯಕ್ಕ ಅವಳನ್ನು ಮೇಡಂ ಎನ್ನುತ್ತಿದ್ದಳು, ಅವಳು ಬೇಡವೆನ್ನುತ್ತಿರಲಿಲ್ಲ. ಇವತ್ತು ಅವಳ ಎದುರಿಗೆ ಕ್ಷೇಮ ಇಲಾಖೆಯ ಅಧಿಕಾರಿ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಮೆತ್ತನೆಯ ದನಿ. ಅವಳನ್ನು ಕಂಡು ಎದ್ದು ನಿಂತು ನಮಸ್ಕಾರ ಕೂಡ ಮಾಡಿದ. ನಿಮ್ಮ ಫೋನನ್ನು ಸ್ವಲ್ಪ ಮೇಜಿನ ಮೇಲಿಡಿ ಎಂದ. ಇಟ್ಟಳು.

ಅವನು ಗದರಿಸಲಿಲ್ಲ. ಹುಡುಗನ ತೊಡೆಯ ಫೋಟೋವನ್ನು ತನ್ನ ಪರದೆಯ ಮೇಲೆ ತೋರಿಸಿ, ಕೆಲಸ ಬಹಳ ಅಚ್ಚುಕಟ್ಟು, ಅಳತೆ ಇಡುವುದನ್ನು ಎಷ್ಟೋ ನರ್ಸುಗಳು ಮರೆಯುತ್ತಾರೆ ಎಂದು ಹೊಗಳಿದ. ತಿಳಿಸದೇ ಇದ್ದದ್ದು ತಪ್ಪು ನಿಜ, ಆದರೆ ಇಲಾಖೆ ಅದನ್ನು ದೊಡ್ಡದು ಮಾಡುವುದಿಲ್ಲ ಎಂದ. ಆಮೇಲೆ ಏನೋ ನೆನಪಾದವನ ಹಾಗೆ ಕೇಳಿದ:

"ನಿನ್ನೆ ಸಂಜೆ ಪೇಟೆಯಲ್ಲಿ ನೀವು ತುಂಬಾ ನಿಧಾನ ನಡೆದಿದ್ದೀರಿ. ಅಲ್ಲಲ್ಲಿ ಕೂತು ಕೂತು ಹೋಗಿದ್ದೀರಿ. ಮೊಣಕಾಲು ನೋವಾ?"

ಅತ್ತೆಯ ಮೊಣಕಾಲಿಗೆ ದಿನಾ ಎಣ್ಣೆ ತಿಕ್ಕುವವಳು ಪಟ್ಟಿಯಕ್ಕನೇ.

"ವಯಸ್ಸಾದವರನ್ನ ಹೀಗೆಲ್ಲಾ ಓಡಾಡಿಸಬಾರದು," ಎಂದ ಅಧಿಕಾರಿ, ಮನೆಯವನ ಕಳಕಳಿಯಿಂದ.

ಅವನು ಕೇಳಿದ್ದು ದೊಡ್ಡದೇನೂ ಅಲ್ಲ. ಗಾಯಗೊಂಡವರು ಇನ್ನೂ ಇದ್ದಾರೆಂದು ಇಲಾಖೆಗೆ ಗೊತ್ತು. ಯಾರ ಹೆಸರನ್ನೂ ಅವಳು ಹೇಳಬೇಕಾಗಿಲ್ಲ, ಯಾರ ಮೇಲೂ ದೂರು ಕೊಡಬೇಕಾಗಿಲ್ಲ. ಸಂಜೆಯ ಸುತ್ತು ಎಂದಿನಂತೆ ಹೋಗಲಿ. ಫೋನು ಜೊತೆಗಿರಲಿ. ಫೋಟೋ ತೆಗೆಯುವಾಗ ಅಳತೆಯ ಕಾಗದ ಇಡಲಿ. ಅಷ್ಟೇ. ಅವಳು ಅವಳ ಕೆಲಸ ಮಾಡಿದರೆ ಸಾಕು, ಉಳಿದದ್ದು ಅವರ ಕೆಲಸ.

"ಆ ಹುಡುಗನಿಗೆ ಜ್ವರ ಇದೆಯಾ?" ಎಂದು ಅವಳು ಕೇಳಿದಳು.

"ಹೊಲಿಗೆ ಬಿಚ್ಚೋ ದಿನ ಬಂತಲ್ಲ," ಎಂದ ಅವನು. "ನಿಮ್ಮನ್ನೇ ಕರೆಸ್ತೀವಿ. ನೀವೇ ನೋಡಬಹುದು, ನೀವೇ ಬಿಚ್ಚಬಹುದು. ಅವನ ಅಕ್ಕನಿಗೂ ಒಂದು ಸಮಾಧಾನ."

ಇದೊಂದಕ್ಕೆ ಅವಳು ಸಿದ್ಧಳಾಗಿ ಬಂದಿರಲಿಲ್ಲ. ಕೆಲಸ ಹೋಗುತ್ತದೆ ಎಂದುಕೊಂಡು ಬಂದಿದ್ದಳು, ಗಂಡನ ಕೆಲಸಕ್ಕೂ ಕುತ್ತು ಬರಬಹುದು ಎಂದುಕೊಂಡಿದ್ದಳು. ಕೆಂಪಾದ ಆ ಅಂಚು ಕಣ್ಣಿಗೆ ಕಟ್ಟಿತು. ಈ ಹೊತ್ತಿಗೆ ಕೀವಾಗಿರುತ್ತದೆ. ಯಾರೋ ಒರಟು ಕೈಯವನು ಎಳೆದು ಬಿಚ್ಚುತ್ತಾನೆ, ಅಥವಾ ಯಾರೂ ಬಿಚ್ಚುವುದಿಲ್ಲ. ಹೂಂ ಎಂದರೆ ಅವನ ಹತ್ತಿರ ಹೋಗಬಹುದು. ಅದರ ದಾರಿ ಇನ್ನೊಬ್ಬರ, ಮತ್ತೊಬ್ಬರ ಹಿಂದಿನ ಕೋಣೆಗಳ ಮೂಲಕ ಹೋಗುತ್ತದೆ. ಸುಸ್ತು ಅವಳ ಮೂಳೆಗಳವರೆಗೆ ಇಳಿದಿತ್ತು. ಎಷ್ಟೋ ವರ್ಷ ಒತ್ತುತ್ತಾ ಬಂದ ಗುಂಡಿಗಳ ಸುಸ್ತು. ಇನ್ನೊಂದು ಸಲ ಒತ್ತಿಬಿಡುವುದೇ ಸುಲಭ ಎನ್ನುವಂಥ ಸುಸ್ತು.

ಮೇಲ್ವಿಚಾರಕಿ ಫೋನನ್ನು ಮೇಜಿನ ಮೇಲೆ ಅವಳ ಕಡೆಗೆ ಸರಿಸಿದಳು. ಕಣ್ಣು ತುಂಬಿತ್ತು. ಅಧಿಕಾರಿ ಇರುವುದನ್ನೂ ಮರೆತು ಹಾಸ್ಟೆಲಿನ ದನಿಯಲ್ಲಿ ಬೇಡಿದಳು: "ತಗೋಳೇ. ಒಂದು ಸುತ್ತು ಹೋಗಿ ಬಾ. ನೀನು ಯಾರಿಗೂ ಏನೂ ಮಾಡ್ತಾ ಇಲ್ಲ. ಬರೀ ನಿನ್ನ ಕೆಲಸ ತಾನೇ?"

ಪಟ್ಟಿಯಕ್ಕ ಫೋನನ್ನು ನೋಡಿದಳು. ಕೈ ಚಾಚಲಿಲ್ಲ. ಕೂರಿ ಎಂದು ಯಾರೂ ಹೇಳದಿದ್ದರೂ ಪಕ್ಕದಲ್ಲಿದ್ದ ಸ್ಟೂಲನ್ನು ಎಳೆದುಕೊಂಡು ಕೂತಳು.

"ಆಗಲ್ಲ ಕಣೇ," ಎಂದಳು. "ನಾನು ಹೋಗಲ್ಲ."