ಮರೆಗೋಡೆ

"ತಡೀರಿ, ತಡೀರಿ! ಗೋಡೆಗೆ ತಾಗ್ತದೆ!"

ಕೂಗಿದ್ದು ಇಗರ್ಜಿಯ ಜೀರ್ಣೋದ್ಧಾರ ಸಮಿತಿಯ ಅಧ್ಯಕ್ಷರು. ಶವಪೆಟ್ಟಿಗೆ ಹೊತ್ತ ಆರು ಮಂದಿ ಬಾಗಿಲಲ್ಲೇ ನಿಂತುಬಿಟ್ಟರು. ಪೆಟ್ಟಿಗೆಯ ಅರ್ಧ ಒಳಗೆ, ಅರ್ಧ ಬಿಸಿಲಲ್ಲಿ. ಹೊಸ್ತಿಲು ದಾಟಿ ಎರಡೇ ಹೆಜ್ಜೆಗೆ ಆಳೆತ್ತರದ ಮರೆಗೋಡೆ. ಮನುಷ್ಯರಾದರೆ ಪಕ್ಕಕ್ಕೆ ಹೊರಳಿ ಒಳಗೆ ಹೋಗಬಹುದು. ಆರಡಿ ಮರಕ್ಕೆ ಸೊಂಟ ಎಲ್ಲಿಂದ ಬರಬೇಕು?

"ಎಡಕ್ಕೆ ತಿರುಗಿಸಿ," ಎಂದ ತೀರಿಕೊಂಡ ಗಾರೆಯಜ್ಜನ ಅಳಿಯ.

"ಆಗಲಿಂದ ಅದನ್ನೇ ಮಾಡ್ತಿದ್ದೀವಿ ಮಾರಾಯ."

"ಕಟ್ಟಿದವನಿಗೇ ದಾರಿ ಬಿಡ್ತಿಲ್ಲ ನೋಡಿ!" ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ಗಾರೆಯಜ್ಜನ ಹೆಂಡತಿ ಮೆಟ್ಟಿಲ ಬುಡದಲ್ಲಿ ನಿಂತು ಕೇಳಿಸಿಕೊಂಡಳು.

* * *

ಆ ಗೋಡೆಯನ್ನು ಮೊದಲು ಕೆಡವಿದವನೂ ಗಾರೆಯಜ್ಜನೇ. ಮದುವೆಯಾದ ವರ್ಷ ಅವನ ತಾಯಿ ತೀರಿಕೊಂಡಾಗ ಪೆಟ್ಟಿಗೆ ಹೀಗೆಯೇ ಸಿಕ್ಕಿಕೊಂಡಿತ್ತು. ಇಗರ್ಜಿ ಕಟ್ಟಿಸಿದ ದೊಡ್ಡಮನೆಯವರ ಹೆಣಕ್ಕೆ ಪಕ್ಕದ ಬಾಗಿಲು ತೆರೆಯುತ್ತಿತ್ತು. ಕೂಲಿಯವರದು ಮೆಟ್ಟಿಲ ಮೇಲೆ. ಅಂದಿನ ಪಾದ್ರಿ ಹೊಸ್ತಿಲೊಳಗೇ ನಿಂತು ತೀರ್ಥ ಚಿಮುಕಿಸಿದ್ದರು. ಅರ್ಧ ಹನಿ ಮೆಟ್ಟಿಲಿಗೆ ಬಿತ್ತು.

ತಾಯಿಯನ್ನು ಮಣ್ಣು ಮಾಡಿ ಬಂದವನೇ ಸುತ್ತಿಗೆ ಹಿಡಿದ. ಆ ತಪ್ಪಿಗೆ ವರ್ಷವಿಡೀ ಭಾನುವಾರ ಬಾಗಿಲಲ್ಲಿ ಮೊಣಕಾಲೂರಿದ. ಆಮೇಲೆ ಊರಿನ ಒಂದು ಹೆಣವೂ ಹೊರಗೆ ಉಳಿಯಲಿಲ್ಲ.

ಹೋದ ವರ್ಷ ಇಗರ್ಜಿಯ ಹಳೆಯ ನಕ್ಷೆ ಸಿಕ್ಕಿತು. ಮರೆಗೋಡೆಯೂ ಸೇರಿ ಎಲ್ಲ ಮೊದಲಿದ್ದಂತೆಯೇ ಆಗಬೇಕೆಂದರು ಸಮಿತಿಯವರು. ಸುಣ್ಣದ ಗಾರೆ ಅರೆಯಬಲ್ಲವರಲ್ಲಿ ಉಳಿದವನು ಅವನೊಬ್ಬನೇ.

"ಪೆಟ್ಟಿಗೆ ತಿರುಗೋದಿಲ್ಲ ಸಾರ್," ಎಂದಿದ್ದ.

"ಪಕ್ಕದ ಬಾಗಿಲು ಎಲ್ಲರಿಗೂ ತೆಗೆದಿಡ್ತೀವಿ ಅಜ್ಜ. ನೀವೇನು ನಾಳೆನೇ ಹೊರಟ್ರಾ?" ಅಧ್ಯಕ್ಷರು ಬೆನ್ನು ತಟ್ಟಿದ್ದರು.

"ಮಾತು ಕೊಟ್ಟಿದ್ದಾರೆ ಕಣೇ," ಎಂದು ಹೆಂಡತಿಗೆ ಹೇಳಿ ಕೆಲಸಕ್ಕೆ ಹೋದ. ತೂಗುಗುಂಡು ಇಳಿಬಿಟ್ಟು ಕೂದಲೆಳೆಯಷ್ಟೂ ವಾಲದಂತೆ ಕಟ್ಟಿದ.

* * *

"ಪಕ್ಕದ ಬಾಗಿಲು ತೆಗೀರಿ," ಎಂದಳು ಮುದುಕಿ.

ಅಧ್ಯಕ್ಷರು ತಲೆ ಕೆರೆದುಕೊಂಡರು. "ಅಲ್ಲಿ ಗಾಜಿನ ಕಪಾಟು ಕೂರಿಸಿಬಿಟ್ಟಿದ್ದೀವಮ್ಮ. ಹಳೇ ಪಾದ್ರಿಗಳ ನಿಲುವಂಗಿ ಇದೆ. ಅಲುಗಿಸಿದ್ರೆ ಪುಡಿಪುಡಿ. ನಾಡಿದ್ದು ಬಿಷಪ್ ಬರ್ತಾರೆ."

"ಹೊರಗೇ ಪೂಜೆ ಮಾಡೋಣ," ಎಂದರು ಚಿಕ್ಕ ಫಾದರ್ ತಗ್ಗಿದ ದನಿಯಲ್ಲಿ. "ದೇವರು ಎಲ್ಲ ಕಡೆ ಇದ್ದಾನಲ್ಲ."

"ಹಾಗಾದ್ರೆ ದಿನಾ ಹೊರಗೇ ಮಾಡಿ ಫಾದರ್. ಇವರ ಅಮ್ಮನ್ನ ಹೊರಗೆ ಬಿಟ್ಟಿದ್ದು ಸಾಕು. ಇವರು ಒಳಗೆ ಹೋಗ್ಲೇಬೇಕು."

ಅಳಿಯ ಗಡಿಯಾರ ನೋಡಿಕೊಂಡ. "ನಿಲ್ಲಿಸಿಕೊಂಡು ಹೋಗೋಣ. ಬೀರು ಸಾಗಿಸೋ ಹಾಗೆ."

ಹಗ್ಗ ಬಂತು. ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು. ಒಳಗೆ ಏನೋ ಜಾರಿ ದಡ್ಡೆಂದಿತು. ಎಲ್ಲರಿಗೂ ಕೇಳಿತು, ಯಾರೂ ಯಾರ ಮುಖವನ್ನೂ ನೋಡಲಿಲ್ಲ.

"ಗೋಡೆ ಜೋಪಾನ!" ಎಂದರು ಅಧ್ಯಕ್ಷರು.

ಪೀಠದ ಮುಂದೆ ಮಲಗಿಸಿದ ಮೇಲೆ ಮುದುಕಿ ಅಳಿಯನ ತೋಳು ಹಿಡಿದಳು. "ಮುಚ್ಚಳ ತೆಗೆದು ಸರಿ ಮಲಗಿಸಪ್ಪ. ಕಾಲಿನ ಕಡೆಗೆ ಜಾರಿ ಕುಗ್ಗಿಹೋಗಿರ್ತಾರೆ."

"ಮೊಳೆ ಹೊಡೆದಾಗಿದೆ ಅತ್ತೆ. ಜನ ಕಾಯ್ತಿದ್ದಾರೆ."

ಪೂಜೆ ಶುರುವಾಯಿತು. ಮುಚ್ಚಳದ ಮೇಲೆ, ತಲೆಯಿರಬೇಕಾದ ಕಡೆ ಪುಟ್ಟ ಶಿಲುಬೆ ಇಟ್ಟರು. ಎಲ್ಲರೂ ಕಣ್ಣು ಮುಚ್ಚಿದಾಗ ಮುದುಕಿ ಎದ್ದು ಹೋಗಿ ಅದನ್ನು ಒಂದು ಗೇಣು ಕೆಳಕ್ಕೆ ಸರಿಸಿ ಬಂದು ಕುಳಿತಳು.

ಯಾರೋ ಬಂದು, ಜಾರಿರಬೇಕು ಎಂದುಕೊಂಡು, ಮೇಲಕ್ಕೆ ಸರಿಸಿ ಹೋದರು.